ಚೀಸ್ ಹೊದಿಸಿ ಬೇಯಿಸಿದ ತರಕಾರಿ: ಅನ್ನವೋ, ವ್ಯಂಜನವೋ?

ನಮ್ಮ ಊಟದ ತಟ್ಟೆಯಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಒಂದು ಸ್ಥಾನವಿದೆ. ಜೋಳದ ರೊಟ್ಟಿ, ಅನ್ನ, ಮುದ್ದೆ ಇವು ನಡುವೆ. ಪಲ್ಯ, ಚಟ್ನಿ, ಕೋಸಂಬರಿ, ಉಪ್ಪಿನಕಾಯಿ ಇವು ಅಂಚಿನಲ್ಲಿ. ನಡುವಿನದು ಹಸಿವನ್ನು ನೀಗಿಸುತ್ತದೆ, ಅಂಚಿನದು ಅದಕ್ಕೆ ರುಚಿಯನ್ನೂ ಪೂರಕವಾದ ಸತ್ತ್ವವನ್ನೂ ಒದಗಿಸುತ್ತದೆ. ಮೊದಲನೆಯದನ್ನು ಅನ್ನವೆಂದೂ ಎರಡನೆಯದನ್ನು ವ್ಯಂಜನವೆಂದೂ ಹಿರಿಯರು ಕರೆದರು. ವ್ಯಂಜನವೆಂದರೆ ನಂಚಿಕೊಳ್ಳುವ ಪದಾರ್ಥ. ಈ ವಿಂಗಡಣೆ ಶರೀರಕ್ಕೆ ಸಲ್ಲಬೇಕಾದ ಪ್ರಮಾಣವನ್ನು ನಿರ್ಧರಿಸುವುದರಿಂದ ಇದನ್ನು ಕೇವಲ ಬಡಿಸುವ ಕ್ರಮವೆಂದು ಭಾವಿಸಲಾಗದು.

ಶ್ರೀಮಠದ ಅನೇಕ ಭಕ್ತರ ಮಕ್ಕಳು ಇಂದು ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ನೆಲೆಸಿದ್ದಾರೆ. ಅವರೊಡನೆ ಕೆಲವು ತಿಂಗಳು ಇದ್ದು ಬರುವ ಹಿರಿಯರು ನಮ್ಮಲ್ಲಿ ಒಂದು ಪ್ರಶ್ನೆಯನ್ನು ಕೇಳುವುದುಂಟು. ಅಲ್ಲಿ ರಾತ್ರಿಯ ಊಟಕ್ಕೆ ಹೂಕೋಸು, ಆಲೂಗಡ್ಡೆ ಮುಂತಾದ ತರಕಾರಿಗಳ ಮೇಲೆ ಹಾಲಿನ ಗೊಜ್ಜನ್ನೂ ಚೀಸನ್ನೂ ಹೊದಿಸಿ, ಓವನ್‌ನಲ್ಲಿ ಕೆಂಪಗೆ ಬೇಯಿಸಿ ತಟ್ಟೆಯ ತುಂಬ ಬಡಿಸುತ್ತಾರೆ. ಅದನ್ನೇ ಊಟವೆಂದು ಭಾವಿಸಬೇಕೋ, ಅದರೊಡನೆ ರೊಟ್ಟಿ ಅನ್ನಗಳನ್ನೂ ಸ್ವೀಕರಿಸಬೇಕೋ? ಸೊಸೆ ಪ್ರೀತಿಯಿಂದ ಬಡಿಸಿದ್ದನ್ನು ಬಿಡಲಾಗದು. ತಿಂದರೆ ಹೊಟ್ಟೆ ಭಾರ. ಮಧುಮೇಹ, ರಕ್ತದೊತ್ತಡ ಉಳ್ಳವರಿಗೆ ಈ ಪ್ರಶ್ನೆ ಇನ್ನೂ ಮುಖ್ಯವಾದುದು. ಆದುದರಿಂದ ಈ ಸಂಚಿಕೆಯಲ್ಲಿ ಇದನ್ನು ವಿಚಾರ ಮಾಡೋಣ.

ಹುಟ್ಟಿದ ನಾಡಿನಲ್ಲಿ ಇದರ ಸ್ಥಾನ

ಇಂಗ್ಲೆಂಡಿನ ಮನೆಗಳಲ್ಲಿ ಹೂಕೋಸು ಮತ್ತು ಚೀಸಿನ ಈ ಖಾದ್ಯ ಬಹುಕಾಲದಿಂದ ಬಳಕೆಯಲ್ಲಿದೆ. ಅಲ್ಲಿನ ಭಾನುವಾರದ ಸಂಪ್ರದಾಯದ ಊಟದಲ್ಲಿ ತಟ್ಟೆಯ ನಡುವೆ ಇರುವುದು ಮಾಂಸ. ಹೂಕೋಸು ಅದರ ಪಕ್ಕದ ವ್ಯಂಜನ. ಫ್ರಾನ್ಸಿನ ಆಗ್ನೇಯ ಭಾಗದ ದೋಫಿನೆ ಪ್ರಾಂತದಲ್ಲಿ ಆಲೂಗಡ್ಡೆಯನ್ನು ಬಿಲ್ಲೆಗಳಾಗಿ ಹೆಚ್ಚಿ, ಹಾಲು ಕೆನೆಗಳಲ್ಲಿ ಬೇಯಿಸುವ ‘ಗ್ರಾಟೆನ್’ ಸಹ ಸಾಮಾನ್ಯವಾಗಿ ಮಾಂಸದ ಜೊತೆಗೇ ಬರುತ್ತದೆ. ಗ್ರಾಟೆನ್ ಎಂಬ ಹೆಸರು ಕೆರೆಯುವುದು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದುದು. ಹಾಲು ಕಾಯಿಸಿದ ಪಾತ್ರೆಯ ತಳವನ್ನು ಕೆರೆದು ತಿನ್ನುವ ಸುಖ ನಮ್ಮ ಮಕ್ಕಳಿಗೂ ಹೊಸದೇನಲ್ಲ. ಇಟಲಿಯ ದಕ್ಷಿಣ ಭಾಗದಲ್ಲಿ ಬದನೆಕಾಯಿ, ಟೊಮೇಟೊ, ಚೀಸುಗಳನ್ನು ಪದರ ಪದರವಾಗಿ ಜೋಡಿಸಿ ಬೇಯಿಸುವ ಖಾದ್ಯವನ್ನು ಮಾತ್ರ ಎರಡೂ ಬಗೆಯಲ್ಲಿ ಬಡಿಸುವುದುಂಟು.

ಹಾಗಾದರೆ ಪಕ್ಕದಲ್ಲಿದ್ದುದು ನಡುವಿಗೆ ಬಂದದ್ದು ಹೇಗೆ? ಇದಕ್ಕೆ ಸಸ್ಯಾಹಾರಿಗಳೇ ಮುಖ್ಯ ಕಾರಣ. ಇಂಗ್ಲೆಂಡಿನಲ್ಲಿ ಸಸ್ಯಾಹಾರಿಗಳ ಸಂಘ 1847ರಲ್ಲಿಯೇ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಅಲ್ಲಿನ ಸರ್ಕಾರ ಆಹಾರ ಪದಾರ್ಥಗಳನ್ನು ಪಡಿತರದಲ್ಲಿ ಹಂಚತೊಡಗಿತು. ಆಗ ಮಾಂಸದ ಪಾಲನ್ನು ಬಿಟ್ಟುಕೊಟ್ಟ ಸಸ್ಯಾಹಾರಿಗಳಿಗೆ ಅದರ ಬದಲಿಗೆ ಹೆಚ್ಚಿನ ಚೀಸನ್ನು ಕೊಡಲಾಗುತ್ತಿತ್ತು. 1954ರಲ್ಲಿ ಪಡಿತರ ಕೊನೆಗೊಂಡಿತು. ಮಾಂಸದ ಜಾಗದಲ್ಲಿ ಚೀಸನ್ನು ಇಡುವ ಅಭ್ಯಾಸ ಮಾತ್ರ ಉಳಿಯಿತು. ಮಾಂಸ ತೆರವುಗೊಳಿಸಿದ ತಟ್ಟೆಯ ನಡುವೆ ಚೀಸಿನ ತರಕಾರಿ ಕುಳಿತದ್ದು ಹೀಗೆ.

ನಮ್ಮ ತಟ್ಟೆಯ ನಡುವೆ ಮಾಂಸ ಎಂದೂ ಇರಲಿಲ್ಲ. ಅಲ್ಲಿ ಧಾನ್ಯವಿದೆ, ಅದಕ್ಕೆ ಬೇಳೆಕಾಳಿನ ಬೆಂಬಲವಿದೆ. ತುಂಬಲು ತೆರವಾದ ಜಾಗವೇ ಇಲ್ಲದ ತಟ್ಟೆಗೆ ಆ ಖಾದ್ಯವನ್ನು ನಡುವಿನದಾಗಿಯೇ ತಂದು, ರೊಟ್ಟಿ ಅನ್ನಗಳನ್ನೂ ಉಳಿಸಿಕೊಂಡಾಗ ಒಂದೇ ಹೊತ್ತಿಗೆ ಎರಡು ಊಟಗಳಾಗುತ್ತವೆ. ಹಿರಿಯರಿಗೆ ಆಗುವ ತೊಂದರೆಯ ಮೂಲ ಇದೇ.

ಒಳಗೆ ಏನಿದೆ?

ನಾಲ್ವರಿಗಾಗಿ ಮಾಡುವ ಒಂದು ಸಾಮಾನ್ಯ ಪಾಕವನ್ನು ಲೆಕ್ಕ ಹಾಕಿ ನೋಡೋಣ. 800 ಗ್ರಾಂ ಹೂಕೋಸು, ಅರ್ಧ ಲೀಟರ್ ಹಾಲು, 50 ಗ್ರಾಂ ಮೈದಾ, 50 ಗ್ರಾಂ ಬೆಣ್ಣೆ, 200 ಗ್ರಾಂ ಚೀಸ್. ಹೂಕೋಸು 100 ಗ್ರಾಮಿಗೆ ಸುಮಾರು 25 ಕ್ಯಾಲೊರಿ ಮಾತ್ರ ಕೊಡುತ್ತದೆ. ಅಷ್ಟೇ ತೂಕದ ಚೆಡ್ಡಾರ್ ಚೀಸ್ ಸುಮಾರು 400 ಕ್ಯಾಲೊರಿ ಕೊಡುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗ ಕೊಬ್ಬು, ನಾಲ್ಕನೆಯ ಒಂದು ಭಾಗ ಪ್ರೋಟೀನ್. ಒಟ್ಟು ಪಾಕವನ್ನು ನಾಲ್ಕು ಪಾಲು ಮಾಡಿದರೆ ಒಬ್ಬರಿಗೆ ಸುಮಾರು 450 ಕ್ಯಾಲೊರಿ, 30 ಗ್ರಾಂ ಕೊಬ್ಬು, 20 ಗ್ರಾಂ ಪ್ರೋಟೀನ್ ದೊರೆಯುತ್ತವೆ. ಸುಣ್ಣದ ಅಂಶವೂ ಧಾರಾಳವಾಗಿ ಸಿಗುತ್ತದೆ.

ಅಂದರೆ ನಾಲ್ವರು ಹಂಚಿಕೊಂಡಾಗ ಅದು ನಿಜಕ್ಕೂ ಒಂದು ಊಟ. ಅದೇ ಪಾಕವನ್ನು ಎಂಟು ಜನ ಹಂಚಿಕೊಂಡರೆ ಅದು ವ್ಯಂಜನ. ಹೆಸರಿನಿಂದಾಗಲಿ ತಟ್ಟೆಯಲ್ಲಿ ಇಟ್ಟ ಜಾಗದಿಂದಾಗಲಿ ಪದಾರ್ಥದ ಭಾರ ಬದಲಾಗುವುದಿಲ್ಲ, ಪಾಲಿನಿಂದ ಬದಲಾಗುತ್ತದೆ. ಉಪ್ಪಿನ ಲೆಕ್ಕವನ್ನೂ ಮರೆಯಬಾರದು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 50 ಗ್ರಾಂ ಚೆಡ್ಡಾರ್ ಚೀಸಿನಲ್ಲಿಯೇ ಒಂದು ಗ್ರಾಮಿಗೆ ಸಮೀಪದಷ್ಟು ಉಪ್ಪು ಸೇರಿರುತ್ತದೆ. ಸಂಸ್ಕರಿಸಿದ ಚೀಸಿನಲ್ಲಿ ಇದಕ್ಕಿಂತ ಹೆಚ್ಚು ಇರುವುದುಂಟು.

ಆಯುರ್ವೇದದ ದೃಷ್ಟಿ

ಹೂಕೋಸು, ಆಲೂಗಡ್ಡೆ, ಟೊಮೇಟೊ ನಮ್ಮ ಸಂಹಿತೆಗಳ ಕಾಲದಲ್ಲಿ ಈ ದೇಶದಲ್ಲಿ ಇರಲಿಲ್ಲ. ಇಂದಿನ ಚೀಸಿನ ಹೆಸರೂ ಅವುಗಳಲ್ಲಿ ಇಲ್ಲ. ಆದರೆ ಒಡೆದ ಹಾಲಿನ ಗಟ್ಟಿ ಭಾಗವಾದ ‘ಕಿಲಾಟ’ವನ್ನು ಆಚಾರ್ಯರು ವಿವರವಾಗಿ ಹೇಳಿದ್ದಾರೆ. ಗುಣದಲ್ಲಿ ಚೀಸಿಗೆ ಅತ್ಯಂತ ಸಮೀಪದ್ದು ಅದೇ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಕಿಲಾಟವನ್ನೂ, ನಾವು ಗಿಣ್ಣು ಮಾಡುವ ಹಾಲನ್ನೂ ಒಟ್ಟಿಗೆ ಹೇಳಿ, ಇವು ಗುರು, ತೃಪ್ತಿಕರ, ಪುಷ್ಟಿಕರ, ವಾತಹರವೆಂದೂ, ಪ್ರಬಲವಾದ ಅಗ್ನಿ ಉಳ್ಳವರಿಗೆ ಮತ್ತು ನಿದ್ರೆ ಬಾರದವರಿಗೆ ಹಿತವೆಂದೂ ತಿಳಿಸಲಾಗಿದೆ. ಅದೇ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ಕಿಲಾಟವನ್ನು ನಿತ್ಯದ ಅಭ್ಯಾಸವಾಗಿ ಸೇವಿಸಬಾರದೆಂಬ ಎಚ್ಚರಿಕೆಯೂ ಇದೆ. ಎರಡು ಮಾತುಗಳನ್ನೂ ಕೂಡಿಸಿ ಓದಬೇಕು. ಪದಾರ್ಥ ಕೆಟ್ಟುದಲ್ಲ, ಎಲ್ಲರಿಗೂ ಅಲ್ಲ, ಎಲ್ಲ ದಿನವೂ ಅಲ್ಲ.

ಪ್ರಮಾಣವನ್ನೂ ಅದೇ 5ನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಗುರು ಪದಾರ್ಥಗಳನ್ನು ಪೂರ್ಣ ತೃಪ್ತಿಯ ಮೂರನೆಯ ಒಂದು ಭಾಗದಷ್ಟು ಅಥವಾ ಅರ್ಧದಷ್ಟು ಮಾತ್ರ ಸ್ವೀಕರಿಸಬೇಕು. ಲಘು ಪದಾರ್ಥಗಳನ್ನೂ ಅತಿಯಾಗಿ ತಿನ್ನಬಾರದು. ಅಷ್ಟಾಂಗಹೃದಯವು ಜಠರವನ್ನು ನಾಲ್ಕು ಭಾಗಗಳಾಗಿ ಎಣಿಸಿ, ಎರಡು ಭಾಗ ಘನಾಹಾರಕ್ಕೆ, ಒಂದು ಭಾಗ ದ್ರವಕ್ಕೆ, ಉಳಿದ ಭಾಗ ವಾಯುವಿನ ಸಂಚಾರಕ್ಕೆ ಎನ್ನುತ್ತದೆ. ಈ ಎರಡು ನಿಯಮಗಳೇ ನಮ್ಮ ಪ್ರಶ್ನೆಗೆ ಉತ್ತರ ಕೊಡುತ್ತವೆ. ಹೊಟ್ಟೆ ತುಂಬ ತಿನ್ನಬಹುದಾದದ್ದು ಲಘುವಾದ ಅನ್ನ. ಅರ್ಧಕ್ಕೆ ನಿಲ್ಲಿಸಬೇಕಾದ ಪದಾರ್ಥ ಸ್ವಭಾವತಃ ವ್ಯಂಜನ.

ದೇಶ ಮತ್ತು ಕಾಲವನ್ನೂ ಗಮನಿಸಬೇಕು. ಹೇಮಂತ ಶಿಶಿರಗಳ ಚಳಿಯಲ್ಲಿ ಜಠರಾಗ್ನಿ ಪ್ರಬಲವಾಗಿರುತ್ತದೆ. ಆಗ ಸ್ನಿಗ್ಧ, ಗುರು ಆಹಾರ ಯುಕ್ತವೆಂದು ಋತುಚರ್ಯೆ ಹೇಳುತ್ತದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ದಿನವಿಡೀ ದುಡಿದು ಬಂದ ತರುಣನಿಗೆ ಇದು ಊಟವಾಗಬಲ್ಲದು. ಕಫ ಕರಗುವ ವಸಂತದಲ್ಲಿ, ಅಗ್ನಿ ಮಂದವಾಗಿರುವ ವರ್ಷಾಕಾಲದಲ್ಲಿ, ನಮ್ಮ ಕಲ್ಯಾಣ ನಾಡಿನ ಬೇಸಿಗೆಯಲ್ಲಿ, ಅರವತ್ತು ದಾಟಿದವರಿಗೆ ಅದೇ ಪದಾರ್ಥ ವ್ಯಂಜನವಾಗಿಯೇ ಇರಲಿ.

ಭಕ್ತರು ವಿಶೇಷವಾಗಿ ಗಮನಿಸಬೇಕಾದುದು

ನಮ್ಮ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಇಷ್ಟಲಿಂಗಕ್ಕೆ ಅರ್ಪಿಸಿದ ಬಳಿಕವೇ ಪದಾರ್ಥ ಪ್ರಸಾದವಾಗುತ್ತದೆ. ಆದುದರಿಂದ ಅನ್ನವೋ ವ್ಯಂಜನವೋ ಎಂದು ಕೇಳುವ ಮೊದಲು, ಅರ್ಪಣೆಗೆ ಯೋಗ್ಯವೋ ಎಂದು ಕೇಳಬೇಕು. ವಿದೇಶಗಳಲ್ಲಿ ಸಿಗುವ ಚೀಸಿನ ವಿಷಯದಲ್ಲಿ ಈ ಪ್ರಶ್ನೆ ತೀರ ಅಗತ್ಯ. ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ‘ರೆನೆಟ್’ ಎಂಬ ದ್ರವ್ಯವನ್ನು ಸಾಂಪ್ರದಾಯಿಕವಾಗಿ ಎಳೆಗರುವಿನ ಜಠರದಿಂದ ತೆಗೆಯುತ್ತಾರೆ. ಅದಕ್ಕಾಗಿ ಕರುವಿನ ಪ್ರಾಣ ಹೋಗಿರುತ್ತದೆ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಅಲ್ಲಿನ ನಿಯಮದಂತೆ ಕರುವಿನ ರೆನೆಟನ್ನೇ ಬಳಸಬೇಕು. ಬೇಯಿಸಿದ ತರಕಾರಿಯ ಮೇಲೆ ಉದುರಿಸುವ ಪುಡಿ ಬಹುಮಟ್ಟಿಗೆ ಇಂತಹ ಚೀಸಿನದೇ ಆಗಿರುತ್ತದೆ. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿದ ಚೀಸುಗಳೂ ಎಲ್ಲೆಡೆ ದೊರೆಯುತ್ತವೆ. ಇಂಗ್ಲೆಂಡಿನಲ್ಲಿ ಪೊಟ್ಟಣದ ಮೇಲೆ ಸಸ್ಯಾಹಾರಿಗಳಿಗೆ ಯೋಗ್ಯವೆಂಬ ಒಕ್ಕಣೆಯನ್ನೂ, ಭಾರತದಲ್ಲಿ ಹಸಿರು ಚುಕ್ಕೆಯನ್ನೂ ನೋಡಿಯೇ ಕೊಳ್ಳಬೇಕು. ಹೋಟೆಲುಗಳಲ್ಲಿ ಮೊಟ್ಟೆ, ಮಾಂಸದ ರಸ ಸೇರಿದೆಯೇ ಎಂದು ವಿಚಾರಿಸಲು ಸಂಕೋಚ ಬೇಡ. ನಿಂಬೆರಸದಿಂದ ಹಾಲನ್ನು ಒಡೆಸಿ ಮನೆಯಲ್ಲಿ ಮಾಡಿದ ಪನೀರಿಗೆ ಈ ದೋಷವಿಲ್ಲ. ಅದೂ ಗುರು ಎಂಬುದನ್ನು ಮಾತ್ರ ನೆನಪಿಡಬೇಕು.

ಅನುಸರಿಸಬೇಕಾದ ಕ್ರಮ

ವ್ಯಂಜನವಾಗಿ ಸ್ವೀಕರಿಸುವಾಗ: ಒಬ್ಬರಿಗೆ ಒಂದು ಸೌಟು ಸಾಕು. ಎರಡು ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಹಸಿ ಸೌತೆಕಾಯಿ ಅಥವಾ ಸೊಪ್ಪಿನ ಪಚಡಿ ಜೊತೆಗಿರಲಿ. ಆ ಹೊತ್ತು ಎಣ್ಣೆಗಾಯಿ, ಬೆಣ್ಣೆ, ಮೊಸರುಗಳನ್ನು ಬಿಡಬೇಕು. ರಾತ್ರಿ ಮೊಸರನ್ನು ಚರಕಾಚಾರ್ಯರು ಹೇಗೂ ನಿಷೇಧಿಸಿದ್ದಾರೆ.

ಊಟವಾಗಿ ಸ್ವೀಕರಿಸುವಾಗ: ಮಧ್ಯಾಹ್ನವೇ ಶ್ರೇಷ್ಠ. ರಾತ್ರಿ ಅನಿವಾರ್ಯವಾದರೆ ಮಲಗುವ ಮೂರು ಗಂಟೆ ಮೊದಲು ಮುಗಿಸಬೇಕು. ಅದರೊಡನೆ ಅನ್ನ, ಬ್ರೆಡ್, ಆಲೂಗಡ್ಡೆ ಬೇಡ. ತೆಳುವಾದ ತರಕಾರಿ ಸಾರು ಒಂದು ಬಟ್ಟಲು ಸಾಕು. ಅರ್ಧ ಹೊಟ್ಟೆಗೆ ನಿಲ್ಲಿಸಬೇಕು. ವಾರಕ್ಕೊಮ್ಮೆ ಮೀರದಿರಲಿ.

ಪಾಕದಲ್ಲಿ ಮಾಡಬಹುದಾದ ಬದಲಾವಣೆ: ಒಬ್ಬರಿಗೆ 20 ಗ್ರಾಂ ಚೀಸ್ ಸಾಕು. ಮೈದಾದ ಬದಲು ಜೋಳದ ಹಿಟ್ಟನ್ನು ಹುರಿದು ಹಾಲಿನಲ್ಲಿ ಕದಡಬಹುದು. ಹೂಕೋಸಿನ ಅರ್ಧದಷ್ಟನ್ನು ಸೋರೆಕಾಯಿ, ಗಜ್ಜರಿ, ಪಾಲಕ್ ಸೊಪ್ಪಿನಿಂದ ತುಂಬಬಹುದು. ಬೇಯಿಸಿದ ಹೆಸರುಕಾಳು ಒಂದು ಹಿಡಿ ಸೇರಿಸಿದರೆ ನಾರಿನ ಅಂಶ ಹೆಚ್ಚುತ್ತದೆ. ಕಾಳುಮೆಣಸು, ಜೀರಿಗೆ, ಅಜವಾನ ಇವು ಹೂಕೋಸಿನ ವಾಯುವನ್ನೂ ಚೀಸಿನ ಜಡತ್ವವನ್ನೂ ತಗ್ಗಿಸುತ್ತವೆ. ಹಾಲಿನೊಡನೆ ಮೂಲಂಗಿ ವಿರುದ್ಧಾಹಾರವಾದುದರಿಂದ ಅದನ್ನು ಸೇರಿಸಬಾರದು.

ಊಟದ ಮೊದಲು ಹಸಿಶುಂಠಿಯ ಸಣ್ಣ ತುಂಡು, ಊಟದೊಡನೆ ಗುಟುಕು ಗುಟುಕಾಗಿ ಬಿಸಿನೀರು ಹಿತಕರ. ತಂಪು ಪಾನೀಯ, ಐಸ್‌ಕ್ರೀಮ್ ಸರ್ವಥಾ ಬೇಡ. ಮರುದಿನ ನಿಜವಾದ ಹಸಿವು ಆಗುವವರೆಗೆ ಕಾದು, ಗಂಜಿ ಅಥವಾ ಹೆಸರುಬೇಳೆಯ ತೊವ್ವೆಯಂತಹ ಲಘು ಆಹಾರ ತೆಗೆದುಕೊಳ್ಳಬೇಕು.

ಬೆಳೆಯುವ ಮಕ್ಕಳು, ಕೃಶರಾದವರು, ಅಗ್ನಿಬಲ ಉಳ್ಳವರು ಇದನ್ನು ಸಂತೋಷವಾಗಿ ಸ್ವೀಕರಿಸಬಹುದು. ಸ್ಥೂಲಕಾಯರು, ರಕ್ತದೊತ್ತಡ, ಮಧುಮೇಹ, ಹೃದ್ರೋಗ ಉಳ್ಳವರು, ಕೆಮ್ಮು ದಮ್ಮಿನಿಂದ ಬಳಲುವವರು ವ್ಯಂಜನದ ಪ್ರಮಾಣವನ್ನು ದಾಟಬಾರದು. ಮೂತ್ರಪಿಂಡದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಹಾಲಿನ ಗೊಜ್ಜು ಒಗ್ಗದು.

ಮನೆಯವರ ಮನಸ್ಸಿಗೆ ನೋವಾಗುವುದೆಂಬ ಅಳುಕಿನಿಂದ ಹಿರಿಯರು ಬಡಿಸಿದಷ್ಟನ್ನೂ ತಿಂದು ಬಳಲುವುದುಂಟು. ಪ್ರಸಾದವನ್ನು ಬಿಸಾಡಬಾರದೆಂಬ ಸಂಸ್ಕಾರವೂ ಅವರಿಗಿದೆ. ಆದುದರಿಂದ ತಟ್ಟೆಗೆ ಬೀಳುವ ಮೊದಲೇ “ನನಗೆ ಒಂದು ಸೌಟು ಸಾಕವ್ವ, ಜೊತೆಗೊಂದು ರೊಟ್ಟಿ ಕೊಡು” ಎಂದು ಹೇಳುವುದು ಲೇಸು. ಬಡಿಸಿದವರ ಪ್ರೀತಿಯೂ ಉಳಿಯುತ್ತದೆ, ಪ್ರಸಾದವೂ ವ್ಯರ್ಥವಾಗುವುದಿಲ್ಲ, ಅಗ್ನಿಯೂ ಕೆಡುವುದಿಲ್ಲ.