ಬೋಳು ತಾರಸಿಯ ಬಿಲ್ಲು

ಬೆಳಗೊಳದಿಂದ ನಾಗಮಂಗಲದವರೆಗೆ ಈಗ ಏಳುತ್ತಿರುವ ಮನೆಗಳಲ್ಲಿ ಒಂದೇ ದುಬಾರಿ ತೀರ್ಮಾನ ಮತ್ತೆ ಮತ್ತೆ ಆಗುತ್ತಿದೆ: ತಾರಸಿಯನ್ನು ಬೋಳಾಗಿ ಬಿಟ್ಟು, ಒಳಗೆ ಫಾಲ್ಸ್ ಸೀಲಿಂಗ್‌ಗೂ ಎಸಿಗೂ ದುಡ್ಡು ಸುರಿಯುವುದು. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ತಂದ ‘ಇಕೋ ನಿವಾಸ್ ಸಂಹಿತಾ’ ಪ್ರಕಾರ ಚಾವಣಿಯ ಯು-ಮೌಲ್ಯ, ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಲ್ಲಿ ಒಳಗಿಳಿಯುವ ಶಾಖ, 1.2 ವ್ಯಾಟ್ ಮೀರಬಾರದು. ಆದರೆ ಆ ಸಂಹಿತೆ ಬರೆದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ನಮ್ಮ 30-40 ಸೈಟು 111 ಚದರ ಮೀಟರ್. ಕಾನೂನು ಕೇಳದಿದ್ದರೇನಂತೆ, ಈ ಒಂದು ನಿಯಮವನ್ನು ನಾವಾಗಿಯೇ ಪಾಲಿಸುವುದು ಲಾಭ ಎಂಬುದು ನನ್ನ ವಾದ.

ಲೆಕ್ಕ ಹಾಕೋಣ. ಬರಿಯ ಆರ್‌ಸಿಸಿ ಮೋಲ್ಡಿನ ಯು-ಮೌಲ್ಯ ಸುಮಾರು 3.5. ಹತ್ತಕ್ಕೆ ಹನ್ನೆರಡಡಿ ಕೋಣೆಯ ಚಾವಣಿ 11 ಚದರ ಮೀಟರ್. ಬೇಸಿಗೆಯಲ್ಲಿ ತಾರಸಿ ಒಳಗಿಗಿಂತ 20 ಡಿಗ್ರಿ ಹೆಚ್ಚು ಕಾದಿದೆ ಎಂದಿಟ್ಟುಕೊಳ್ಳಿ. ಒಳಗಿಳಿಯುವ ಶಾಖ 770 ವ್ಯಾಟ್; ಸಂಹಿತೆಯಂತೆ ಕಟ್ಟಿದ್ದರೆ 264. ನಡುವಿನ 500 ವ್ಯಾಟ್ ಹೊರಹಾಕಲು ಎಸಿಗೆ ಸುಮಾರು 150 ವ್ಯಾಟ್ ಬೇಕು. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 36 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 216 ರೂಪಾಯಿ. ಇಷ್ಟಕ್ಕೆ ಇಷ್ಟು ಗೋಳೇ ಎನ್ನಬಹುದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎಂದೂ ಕೇಳಬಹುದು. ಹಿಂದಿನ ವರ್ಷದ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ ಯೋಜನೆ ನಿಗದಿಪಡಿಸಿದ್ದು 58 ಉಚಿತ ಯೂನಿಟ್. 200ರೊಳಗಿದ್ದರೆ ಮಿಕ್ಕಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ನಿಗದಿತ ಶುಲ್ಕ ಬಿಟ್ಟು, 170 ಯೂನಿಟ್ ಉರಿಸುವ ಮನೆ ಕಟ್ಟುವುದು 672 ರೂಪಾಯಿ. ಆ 36 ಸೇರಿ 206 ಆದರೆ 1,236. ವ್ಯತ್ಯಾಸ 564!

ಫಾಲ್ಸ್ ಸೀಲಿಂಗ್ ತಂಪು ಕೊಡುತ್ತದೆಂದು ಮಾರುವವರ ಮಾತು ನನಗಂತೂ ಸಹಿಸಲಾಗದು. ನಡುವಿನ ಗಾಳಿ ಒಂದಿಷ್ಟು ಶಾಖ ತಡೆಯುತ್ತದೆ, ನಿಜ. ಆದರೂ ಯು-ಮೌಲ್ಯ 2ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮೇಲೆ ಮೋಲ್ಡು ಸಂಜೆಯವರೆಗೂ ಕಾಯುತ್ತಲೇ ಇರುತ್ತದೆ, ಮಲಗುವ ಹೊತ್ತಿಗೆ ಆ ಕಾವು ಕೆಳಗಿಳಿಯುತ್ತದೆ. ಮೋಲ್ಡಿನ ಮೇಲೆ ಶಾಖ ತಡೆಯುವ ಒಂದು ಇಂಚಿನ ಎಕ್ಸ್‌ಪಿಎಸ್ ಶೀಟು, ಅದರ ಮೇಲೆ ಕಾಂಕ್ರೀಟು, ಬಿಳಿ ಟೈಲ್ಸು ಹಾಕಿದರೆ 1.2ಕ್ಕಿಂತ ಕೆಳಗೇ ಬರುತ್ತದೆ. ಎಷ್ಟೋ ಮನೆಗಳಿಗೆ ಆಮೇಲೆ ಫ್ಯಾನೇ ಸಾಕು. ಬಡವರಿಗೆ ಇದೂ ಹೊರೆಯಲ್ಲವೇ? ಹೌದು, ಅಂಥವರು ವರ್ಷಕ್ಕೊಮ್ಮೆ ತಾರಸಿಗೆ ಸುಣ್ಣ ಬಳಿದರೂ ಬಿಸಿಲು ಬಹಳಷ್ಟು ಹಿಂದಿರುಗುತ್ತದೆ. ಆದರೆ ಎಲಿವೇಶನ್‌ಗೆ, ತೇಗದ ಬಾಗಿಲಿಗೆ ಕೇಳಿದಷ್ಟು ಕೊಡುವವರು ಈ ಮಾತು ಆಡಬಾರದು. ಮೋಲ್ಡ್ ಹಾಕುವ ಮುನ್ನವೇ ತಾರಸಿಯ ಹೊದಿಕೆಗೆ ಮೇಸ್ತ್ರಿಯಿಂದ ಪ್ರತ್ಯೇಕ ಎಸ್ಟಿಮೇಟ್ ಬರೆಸಿಕೊಳ್ಳಿ. ಬಜೆಟ್ ಸಾಲದಿದ್ದರೆ ಕೈಬಿಡಬೇಕಾದದ್ದು ಫಾಲ್ಸ್ ಸೀಲಿಂಗ್.