ರೈಡ್‌ಗೆ ಇನ್ನೂ ಹೊತ್ತಿದೆ

ಮಗಳೇ,

ಆಪರೇಷನ್ ಆಗಿ ಮೂರು ತಿಂಗಳಾಯಿತು, ನೋವೂ ಇಲ್ಲ, ಮ್ಯಾಟ್‌ಗೆ ಇಳಿಯಲೇ ಎಂದು ಕೇಳಿದ್ದೀಯ. ಬೇಡ. ತೊಡೆಯ ಹಿಂಬದಿಯ ಸ್ನಾಯುರಜ್ಜು ತೆಗೆದು ಮಂಡಿಯಲ್ಲಿ ಎಸಿಎಲ್ ಎಂಬ ಅಸ್ಥಿರಜ್ಜಿನ ಜಾಗದಲ್ಲಿ ಕೂರಿಸಿದ್ದಾರಲ್ಲ, ಅದು ಮೊದಲು ಸೊರಗಿ ಆಮೇಲೆ ಬಲಿಯುತ್ತದೆ. ಒಂಬತ್ತು ತಿಂಗಳಿಗೆ ಮೊದಲೇ ಕಣಕ್ಕಿಳಿದವರಿಗೆ ಮತ್ತೆ ಪೆಟ್ಟಾಗುವುದು ಹೆಚ್ಚು ಎಂದು ಓಸ್ಲೊ ಮತ್ತು ಡೆಲವೇರ್‌ನ ಸಂಶೋಧಕರು 2016ರಲ್ಲೇ ತೋರಿಸಿದ್ದಾರೆ. ಈ ಚರ್ಚೆ ಇಲ್ಲಿಗೆ ಸಾಕು.

ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, ಪೆಟ್ಟಾದ ದಿನದ ಆಂಕಲ್ ಹೋಲ್ಡ್ ನೆನಪಾದರೆ ಈಗಲೂ ಮೈ ಬಿಗಿಯುತ್ತದೆ, ನಾನು ಪುಕ್ಕಲಿಯೇ ಎಂದು, ನನಗೆ ಅದೇ ಮುಖ್ಯ. ಮಂಡಿ ಊದಿದಾಗ ನರಗಳೇ ತೊಡೆಯ ಮುಂಬದಿಯ ಸ್ನಾಯುವನ್ನು ತಡೆಹಿಡಿಯುತ್ತವೆ; ಆಗ ನಿನ್ನನ್ನು ಸೋಮಾರಿ ಎನ್ನುತ್ತೇವೆಯೇ? ಭಯವೂ ಹಾಗೆಯೇ ಮೈ ಕಾಯುತ್ತಿದೆ. ಅದನ್ನು ಅಳೆಯಲು ಎಸಿಎಲ್-ಆರ್‌ಎಸ್‌ಐ ಎಂಬ 12 ಪ್ರಶ್ನೆಗಳ ಪಟ್ಟಿಯೇ ಇದೆ. ತೊಡೆಗೆ ಟೇಪ್ ಹಿಡಿಯುವ ಫಿಸಿಯೋ ಬಳಿ ಇದನ್ನೂ ಕೇಳಿ ನೋಡು.

ಭಯ ಕಳೆಯಲು ಕಣ್ಣು ಮುಚ್ಚಿ ಕಪ್ ಎತ್ತಿದಂತೆ ಕಲ್ಪಿಸಿಕೋ ಎನ್ನುವ ಯೂಟ್ಯೂಬ್ ಗುರುಗಳನ್ನು ಬಿಡು. ಕಪ್ಪಿನ ಕನಸಿನಿಂದ ಮಂಡಿಗೇನೂ ದಕ್ಕದು. ಪೆಟ್ಟಾದ ಆ ಹೆಜ್ಜೆಯನ್ನೇ ಕಲ್ಪಿಸಿಕೋ, ಈ ಸಲ ಸರಿಯಾಗಿ ಊರಿದ ಹಾಗೆ. ಮೊದಲು ಉಸಿರನ್ನು ಉದ್ದಕ್ಕೆ ಬಿಡು. ಒಂದೇ ಉಸಿರಿಗೆ ಕಬಡ್ಡಿ ಎನ್ನುತ್ತ ಬೆಳೆದವಳಿಗೆ ಅದನ್ನು ಕಲಿಸಬೇಕಿಲ್ಲ. ಆಟದ ಶೂ ಹಾಕಿಕೊಂಡೇ ಕೂರು. ಟಿವಿಯಲ್ಲಿ ಕಂಡಂತೆ ದೂರದಿಂದ ಬೇಡ, ನಿನ್ನ ಕಣ್ಣಿನಿಂದಲೇ ಕಾಣಲಿ: ಬೋನಸ್ ಗೆರೆ, ಎಡ ಕಾರ್ನರ್‌ನವಳ ಕೈ, ಪಾದದಡಿಯ ಮ್ಯಾಟ್. ಮನಸ್ಸಿನಲ್ಲೇ ಮಂಡಿ ಬಾಗಿಸಿ ತಿರುಗು. ವೇಗ ಪಂದ್ಯದ್ದೇ ಇರಲಿ. ಎದೆ ಡವಗುಟ್ಟಿದರೆ ನಿಲ್ಲಿಸಿ, ಇನ್ನೂ ಸುಲಭದ ಹೆಜ್ಜೆಗೆ ಇಳಿ. ಎಸಿಎಲ್ ಶಸ್ತ್ರಚಿಕಿತ್ಸೆಯ ಬಳಿಕ ಇಂಥ ಅಭ್ಯಾಸ ಮಾಡಿದವರಲ್ಲಿ 24ನೇ ವಾರಕ್ಕೆ ಮಂಡಿಯ ಬಲ ಹೆಚ್ಚಿತ್ತು, ಭಯ ಕಡಿಮೆಯಿತ್ತು ಎಂದು 2001ರ ಒಂದು ಅಧ್ಯಯನ ಹೇಳುತ್ತದೆ. ಮೂವತ್ತೇ ಜನರ ಸಣ್ಣ ಅಧ್ಯಯನ ಅದು, ಪವಾಡವೆಂದು ಹಿಗ್ಗಬೇಡ.

ಸಂಜೆ ಪ್ರಾಕ್ಟೀಸ್ ತಪ್ಪಿಸಬೇಡ, ಕೂತು ಸ್ಕೋರ್ ಬರೆ. ತಂಡದಿಂದ ದೂರವಾದವರೇ ಬೇಗ ಕುಗ್ಗುವುದು. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ಸ್ಟ್ರೆಚರ್ ಮೇಲೆ ಹೋದರು, 2018ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು; ನಡುವಿನ ಬೇಸರದ ದಿನಗಳನ್ನು ಯಾವ ರೀಲ್ಸೂ ತೋರಿಸುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಮಾತ್ರ ಮುಚ್ಚಿಡಬೇಡ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಜಿಲ್ಲಾ ಆಯ್ಕೆ ಹತ್ತಿರ ಬಂತೆಂದು ನಿಮ್ಮಪ್ಪ ಮಾತು ತೆಗೆದರೆ ನನಗೆ ಫೋನ್ ಮಾಡಲು ಹೇಳು. ನಾನು ಮಾತಾಡುತ್ತೇನೆ.

ನಿನ್ನ
ಹಳೆಯ ಕೋಚ್