ಹಲ್ಲಿನ ಡಾಕ್ಟರಿಗೂ ಬೇಕು ವೃತ್ತಿ ವಿಮೆ

ಆಂಧ್ರದ ಆಸ್ಪರಿಯವರೊಬ್ಬರು ಬಳ್ಳಾರಿಗೆ ಹೋಗಿ ಕೆಳದವಡೆಯ ಬುದ್ಧಿಹಲ್ಲು ಕೀಳಿಸಿಕೊಂಡರು ಎನ್ನಿ. ವಾರ ಕಳೆದರೂ ತುಟಿಯ ಜೋಮು ಬಿಡಲಿಲ್ಲ. ಬೇರು ನರಕ್ಕೆ ಹತ್ತಿಕೊಂಡಿದ್ದರೆ ಎಷ್ಟು ಜಾಗ್ರತೆಯಿಂದ ಕಿತ್ತರೂ ಹೀಗಾಗುವುದುಂಟು. ಆ ಮಾತನ್ನು ಮೊದಲೇ ಹೇಳದಿದ್ದರೆ ಜಗಳ ಅಲ್ಲಿಂದಲೇ ಶುರು. ದೂರು ಕೊಡಲು ರೋಗಿ ಬಳ್ಳಾರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ತಾವಿರುವ ಕರ್ನೂಲು ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಆಗ ಗಡಿ ದಾಟಬೇಕಾದವರು ಡಾಕ್ಟರು.

ಶುಲ್ಕ ಪಡೆದು ಮಾಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ಹೇಳಿದೆ. ಆದರೂ ‘ಹಲ್ಲಿನಿಂದ ಯಾರ ಪ್ರಾಣ ಹೋಗುತ್ತದೆ’ ಎಂದು ಹಲ್ಲಿನ ಡಾಕ್ಟರುಗಳು ವೃತ್ತಿ ವಿಮೆಯನ್ನು ಮುಂದೂಡುವುದುಂಟು. ಮಾಡಿಸುವವರು ಹೀಗೆ ಹೆಜ್ಜೆಯಿಡಿ.

1. ಪಾಲಿಸಿ ಯಾವುದೆಂದು ನೋಡಿ. ಕ್ಲಿನಿಕ್ಕಿನ ಕುರ್ಚಿ, ಎಕ್ಸ್‌ರೇ ಯಂತ್ರಕ್ಕೆ ಮಾಡಿಸಿದ ಬೆಂಕಿ-ಕಳವಿನ ವಿಮೆ ಚಿಕಿತ್ಸೆಯ ತಪ್ಪಿಗೆ ಒದಗದು. ‘ಪ್ರೊಫೆಷನಲ್ ಇಂಡೆಮ್ನಿಟಿ’ ಎಂದೇ ಕೇಳಿ. ಸಹಾಯಕರು, ವಾರಕ್ಕೊಮ್ಮೆ ಬಂದುಹೋಗುವ ತಜ್ಞರು ಅದರೊಳಗೆ ಸೇರಿದ್ದಾರೆಯೇ ಎಂದು ಬರಹದಲ್ಲಿ ಪಡೆಯಿರಿ.

2. ಮೊತ್ತದ ಲೆಕ್ಕ ಬಿಡಿಸಿ. ವರ್ಷಕ್ಕೆ 40 ಲಕ್ಷ ಎಂದಿದ್ದು, ಒಂದು ಪ್ರಕರಣದ ಮಿತಿಗೂ ವರ್ಷದ ಮಿತಿಗೂ ಇರುವ ಅನುಪಾತ 1:4 ಆಗಿದ್ದರೆ ಒಂದು ಪ್ರಕರಣಕ್ಕೆ ಸಿಗುವುದು 10 ಲಕ್ಷವೇ. ವಕೀಲರ ಖರ್ಚೂ ಸಾಮಾನ್ಯವಾಗಿ ಇದರೊಳಗೇ.

3. ಕಂತು ತಪ್ಪಿಸಬೇಡಿ. ಚಿಕಿತ್ಸೆ ಮಾಡಿದ ದಿನ ಪಾಲಿಸಿ ಇದ್ದರೆ ಸಾಲದು, ದೂರು ಬಂದ ದಿನವೂ ಇರಬೇಕು. ದೂರಿಗೆ ಕಾನೂನು ಕೊಡುವ ಗಡುವೇ ಎರಡು ವರ್ಷ. ಕಂಪನಿ ಬದಲಿಸುವಾಗ ‘ರೆಟ್ರೋಆ್ಯಕ್ಟಿವ್ ಡೇಟ್’ (ಯಾವ ದಿನದಿಂದಾಚೆಯ ಚಿಕಿತ್ಸೆಗೆ ರಕ್ಷಣೆ ಎಂಬ ತಾರೀಖು) ಹಳೆಯದೇ ಉಳಿಯಲಿ. ಇಲ್ಲವಾದರೆ ಹಿಂದಿನ ಚಿಕಿತ್ಸೆಗಳಿಗೆಲ್ಲ ರಕ್ಷಣೆ ಹೋದಂತೆ.

4. ಯಾವುದಕ್ಕೆ ಹಣ ಬಾರದೆಂದು ಓದಿ. ಕುಡಿದು ಮಾಡಿದ ಚಿಕಿತ್ಸೆ, ಕಾನೂನುಬಾಹಿರ ಕೆಲಸ, ದಂಡ ಇವುಗಳಿಗೆ ವಿಮೆ ಇಲ್ಲ. ಆಸ್ಪತ್ರೆಯ ಹೊರಗೆ ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದ ಹಲ್ಲಿನ ಕೆಲಸವನ್ನೂ ಹೊರಗಿಡುವ ಪಾಲಿಸಿಗಳಿವೆ.

5. ಒಪ್ಪಿಗೆ ಪತ್ರ ರೋಗಿ ಓದಬಲ್ಲ ಭಾಷೆಯಲ್ಲಿರಲಿ. ಈಗ ಕರ್ನೂಲಿಗೆ ಸೇರಿರುವ ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯವು. ಈ ಕಡೆಯ ಅನೇಕ ಮನೆಗಳಲ್ಲಿ ಆಡುವ ಮಾತು ಕನ್ನಡ, ಶಾಲೆಯಲ್ಲಿ ಕಲಿತ ಅಕ್ಷರ ತೆಲುಗು. ಕನ್ನಡದಲ್ಲಿ ಮಾತಾಡಿದರೆಂದು ಕನ್ನಡದ ಕಾಗದ ಮುಂದಿಟ್ಟರೆ ಓದದೆಯೇ ಹೆಬ್ಬೆಟ್ಟು ಒತ್ತಿಯಾರು. ‘ಯಾವುದು ಓದಲಿಕ್ಕೆ ಬರತದ, ಅಮ್ಮಾ?’ ಎಂದು ಮೊದಲು ಕೇಳಿ. ‘ತುಟಿ ಜೋಮು ಹಿಡಿಯಬಹುದು, ಕೆಲವರಲ್ಲಿ ಬಹುಕಾಲ ಉಳಿಯಬಹುದು’ ಎಂಬ ಸಾಲು ಕೈಬರಹದಲ್ಲಾದರೂ ಇರಲಿ. ತಿಳಿಸಿ ಪಡೆದದ್ದೇ ಒಪ್ಪಿಗೆ ಎಂಬುದು ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪಿನ ತಿರುಳು.

6. ನೋಟಿಸ್ ಬಂದ ದಿನವೇ ವಿಮೆ ಕಂಪನಿಗೆ ಬರೆದು ತಿಳಿಸಿ. ಅವರನ್ನು ಕೇಳದೆ ತಪ್ಪೊಪ್ಪಿಕೊಂಡು ಬರೆಯಬೇಡಿ, ಕೈಯಿಂದ ಹಣ ಕೊಟ್ಟು ರಾಜಿಯಾಗಬೇಡಿ. ಕೇಸ್ ಪೇಪರ್ ತಿದ್ದಲೇಬೇಡಿ. ಆಯೋಗದ ನೋಟಿಸಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15. ಅದರಾಚೆಗೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತಪಡಿಸಿದೆ.

ಇಷ್ಟರ ನಡುವೆ ರೋಗಿಯ ಫೋನು ಎತ್ತುವುದನ್ನು ನಿಲ್ಲಿಸಬೇಡಿ. ಕರೆಸಿ, ಜೋಮು ಎಲ್ಲಿಯವರೆಗಿದೆಯೆಂದು ಮುಟ್ಟಿ ನೋಡಿ, ಅಂದಿನ ತಾರೀಖು ಹಾಕಿ ಬರೆದಿಡಿ. ನಾಳೆ ಆಯೋಗದ ಮುಂದೆ ನಿಮ್ಮ ಪರವಾಗಿ ಮಾತಾಡುವುದು ಆ ಹಾಳೆಯೇ.